ಭೂಕಂಪವು ಪಾಪದ ದಂಡನೆಯೇ?

ಒಂದೂರಿಗೆ ವಿಪತ್ತು ಬಂದೊಡನೆ ‘ಆ ಊರವರ ಪಾಪದ ಕೊಡ ತುಂಬಿತ್ತು’ ಎಂದು ನುಡಿಯುವವರು ಹಲವರು. ಸದ್ಭಕ್ತರು ಈ ಮಾತನ್ನು ವಿಚಾರಿಸಿ ನೋಡಬೇಕು.

೧೯೩೪ನೆಯ ಜನವರಿ ೧೫ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಭೂಮಿಯು ನಡುಗಿತು. ಮುಂಗೇರ, ಮುಜಫರಪುರ ಮೊದಲಾದ ಪಟ್ಟಣಗಳು ಹಾಳಾದವು. ಸಾವಿರಾರು ಜನರು ಮಡಿದರು. ಇದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದು ಮಹಾತ್ಮಾ ಗಾಂಧಿಯವರು ಸಾರಿದರು. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ರವೀಂದ್ರನಾಥ ಠಾಕೂರರಿಗೆ ಭಿನ್ನಮತವಿರಲಿಲ್ಲ. ಆದರೆ ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣವೇ ಉಂಟೆಂದು ಅವರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ಗಾಂಧಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿದುದು ಅವರ ಹಿರಿಮೆ.

ಭರತಖಂಡದ ನೆಲವು ಹಿಮಾಲಯದ ಅಡಿಗೆ ಸದಾ ಒತ್ತಿ ಸರಿಯುತ್ತಿರುವುದು. ಆ ಒತ್ತಡಕ್ಕೆ ಶಿಲೆಗಳು ಬಿರಿದಾಗ ಭೂಮಿಯು ಕಂಪಿಸುವುದು. ಕುಸಿಯುವ ಗೋಡೆಯು ಒಳಗಿದ್ದವರ ಕುಲವನ್ನು ಕೇಳದು, ತೊಟ್ಟಿಲ ಕೂಸನ್ನೂ ಬಿಡದು. ಅಸ್ಪೃಶ್ಯತೆಗೆ ಅದು ದಂಡನೆಯಾದರೆ, ಅಸ್ಪೃಶ್ಯತೆಯಿಂದ ನೊಂದವನೂ ಏಕೆ ಅದಕ್ಕೆ ಗುರಿಯಾಗಬೇಕು?

‘ಹಾಗಾದರೆ ಕರ್ಮವು ಸುಳ್ಳೇ?’ ಎಂದು ಕೆಲವರು ಕೇಳಬಹುದು. ಕರ್ಮವಿಚಾರವಿರುವುದು ತನ್ನ ನಡೆಯನ್ನು ತಾನು ತಿದ್ದಿಕೊಳ್ಳುವುದಕ್ಕೆ. ಸತ್ತವರ ಮೇಲೆ ತೀರ್ಪು ಕೊಡುವುದಕ್ಕಲ್ಲ. ಪಂಚಾಚಾರಗಳಲ್ಲೊಂದಾದ ಭೃತ್ಯಾಚಾರವು ಭಕ್ತನನ್ನು ಕಿಂಕರನಾಗೆಂದು ವಿಧಿಸುತ್ತದೆ. ಕಿಂಕರನಿಗೆ ನ್ಯಾಯಾಧೀಶನ ಪೀಠವೆಲ್ಲಿಯದು?

ಗಾಂಧಿಯವರೂ ಆ ವರ್ಷದ ಮಾರ್ಚಿಯಲ್ಲಿ ಬಿಹಾರಕ್ಕೆ ತೆರಳಿ ನೊಂದವರ ನಡುವೆ ಸಂಚರಿಸಿದರು. ಅವರ ಆ ಮಾತಿಗಿಂತ ಈ ನಡೆಯೇ ನಮಗೆ ಅನುಕರಣೀಯವಾದುದು. ಆದುದರಿಂದ ವಿಪತ್ತಿನ ವಾರ್ತೆಯು ಬಂದಾಗ ‘ಯಾರ ಪಾಪ?’ ಎಂದು ಕೇಳದೆ, ನಮ್ಮ ದಾಸೋಹದ ಬುತ್ತಿಯು ಅಲ್ಲಿಗೆ ಎಷ್ಟು ಬೇಗ ಮುಟ್ಟೀತೆಂದು ಯೋಚಿಸೋಣ.