ಸಂಕೋಚವೂ ಸೃಜನಕಾರ್ಯವೂ

ನಾಲ್ವರ ಮುಂದೆ ನಿಂತಾಗ ಎದೆ ಬಡಿದುಕೊಳ್ಳುವುದು, ನಾಲಗೆ ಒಣಗುವುದು, ಅಂಗೈ ಬೆವರುವುದು ಯಾರಿಗೂ ಹೊಸ ಅನುಭವವಲ್ಲ. ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವ ಅಡ್ರಿನಲಿನ್ ಎಂಬ ಹಾರ್ಮೋನು ಆಗಲೂ ರಕ್ತಕ್ಕೆ ಇಳಿಯುತ್ತದೆ. ಎದುರಿಗೆ ಹುಲಿಯೂ ಇಲ್ಲ, ಹಾವೂ ಇಲ್ಲ. ಇರುವುದು ಪರರ ಕಣ್ಣು ಮಾತ್ರ. ಮಿತವಾದ ಸಂಕೋಚ ಸಭ್ಯತೆಗೆ ಭೂಷಣವೇ ಸರಿ. ಮಿತಿ ಮೀರಿದರೆ ಅದು ಹಾಡನ್ನು ಗಂಟಲಲ್ಲಿಯೂ ಕವನವನ್ನು ಕಪಾಟಿನಲ್ಲಿಯೂ ಉಳಿಸಿಬಿಡುತ್ತದೆ.

ಸಂಕೋಚದ ಮೂಲ

ಸಂಕೋಚವೆಂದರೆ ತನ್ನತ್ತಲೇ ತಿರುಗಿ ನಿಂತ ಗಮನ. ಭಾವಗಳ ಪ್ರಕಟಣೆಯನ್ನು ಕುರಿತ ತನ್ನ 1872ರ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್, ಪರರು ತನ್ನ ಬಗ್ಗೆ ಏನೆಂದುಕೊಳ್ಳುವರೋ ಎಂಬ ಯೋಚನೆಯೇ ನಾಚಿಕೆಯಿಂದ ಮುಖ ಕೆಂಪೇರಲು ಕಾರಣವೆಂದು ವಿವರಿಸಿದನು. ಈ ಯೋಚನೆಯಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಅಂಗಿ ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೋಣೆಗೆ ಕಳುಹಿಸಲಾಯಿತು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗುರುತಿಸಿರಬೇಕೆಂದು ಅಂಗಿ ತೊಟ್ಟವರು ಊಹಿಸಿದರು. ಗುರುತಿಸಿದವರು ಕಾಲುಭಾಗಕ್ಕಿಂತಲೂ ತುಸು ಕಡಿಮೆ. ಲೋಕವೆಲ್ಲ ತನ್ನನ್ನೇ ನೋಡುತ್ತಿದೆ ಎಂಬುದು ಬಹುಮಟ್ಟಿಗೆ ಮನಸ್ಸಿನ ಭ್ರಮೆ.

ಒಂದು ನಿದರ್ಶನ

ಗಾಂಧೀಜಿಯವರ ತಾರುಣ್ಯ ಇದಕ್ಕೆ ಒಳ್ಳೆಯ ನಿದರ್ಶನ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ವ್ಯಾಸಂಗ ಮಾಡುತ್ತಿದ್ದಾಗ ಅವರು ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರೂ ಸಭೆಗಳಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ಅಭಿಪ್ರಾಯವನ್ನು ಬರೆದುಕೊಂಡು ಹೋದರೂ ಓದುವ ಧೈರ್ಯ ಬಾರದೆ ಅದನ್ನು ಬೇರೊಬ್ಬರು ಓದಬೇಕಾಯಿತು. ಅದೇ ತರುಣ 1891ರಲ್ಲಿ ಅಲ್ಲಿನ ಸಸ್ಯಾಹಾರಿಗಳ ವಾರಪತ್ರಿಕೆಗೆ ಭಾರತೀಯರ ಆಹಾರ ಮತ್ತು ಹಬ್ಬಗಳನ್ನು ಕುರಿತು ಲೇಖನಗಳನ್ನು ಬರೆದನು. ನಾಲಗೆಗೆ ಬಾರದುದು ಲೇಖನಿಗೆ ಬಂದಿತು. ಸ್ವದೇಶಕ್ಕೆ ಮರಳಿದ ಮೇಲೂ ಮುಂಬಯಿಯ ನ್ಯಾಯಾಲಯದಲ್ಲಿ ಪಾಟೀಸವಾಲು ಮಾಡಲಾಗದೆ ಕುಳಿತುಬಿಟ್ಟುದುಂಟು. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ವ್ಯಾಪಾರದಲ್ಲಿ ಸತ್ಯವೆಂಬ ವಿಷಯವಾಗಿ ಸಾಕಷ್ಟು ಸಿದ್ಧತೆಯೊಡನೆ ಮಾತನಾಡಿದುದೇ ತಮ್ಮ ಮೊದಲ ಸಾರ್ವಜನಿಕ ಭಾಷಣವೆಂದು ಅವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹೇಳಬೇಕಾದ ವಿಷಯ ದೊಡ್ಡದಾದಾಗ ಹೇಳುವವನ ಚಿಂತೆ ಹಿಂದೆ ಸರಿಯಿತು.

ಅಭ್ಯಾಸದ ಕ್ರಮ

ಸೃಜನಕಾರ್ಯದ ಗುಣವೂ ಇದೇ. ಕವನ, ಕಸೂತಿ, ರಂಗೋಲಿ, ಹಾಡು ಯಾವುದೇ ಆಗಲಿ, ಕೈಗೆ ಕೆಲಸ ಸಿಕ್ಕೊಡನೆ ಗಮನ ತನ್ನಿಂದ ವಸ್ತುವಿನ ಕಡೆಗೆ ಹೊರಳುತ್ತದೆ. ದಿನವೂ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬೇಕು. ಮಾಡುವಾಗಲೇ ಗುಣದೋಷ ಎಣಿಸಬಾರದು.

ಹಂಚಿಕೊಳ್ಳುವುದು ಮೆಟ್ಟಿಲು ಮೆಟ್ಟಿಲಾಗಿ ನಡೆಯಲಿ. ಮೊದಲು ಒಬ್ಬ ಆಪ್ತರು, ಅನಂತರ ಮನೆಯ ಕೂಟ, ಬಳಿಕ ಸಂಘದ ಪತ್ರಿಕೆ, ಕೊನೆಗೆ ವೇದಿಕೆ. ಒಂದು ಮೆಟ್ಟಿಲಿನ ಅಳುಕು ತಗ್ಗಿದ ಮೇಲೆಯೇ ಮುಂದಿನದು. ಚೆನ್ನಾಗಿ ರೂಢಿಯಾದ ಕೆಲಸಕ್ಕೆ ಪ್ರೇಕ್ಷಕರು ಹುರುಪು ತುಂಬುತ್ತಾರೆ, ಹೊಸ ಕೆಲಸವನ್ನು ಕೆಡಿಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1965ರಷ್ಟು ಹಿಂದೆಯೇ ನಿರೂಪಿಸಿದ್ದರು. ಆದುದರಿಂದ ವೇದಿಕೆಗೆ ಕೊಂಡೊಯ್ಯುವುದು ಬಾಯಿಪಾಠವಾದ ಹಾಡೇ ಆಗಿರಲಿ. ಮುಗಿದ ಮೇಲೆ ‘ನಾನು ಹೇಗೆ ಕಂಡೆ?’ ಎಂದು ಕೇಳುವುದಕ್ಕಿಂತ ‘ಯಾವ ಚರಣ ಹಿಡಿಸಿತು?’ ಎಂದು ಕೇಳುವುದು ಲೇಸು.

ಹೊರನಾಡಿನ ಮನೆಗಳಲ್ಲಿ

ಹೊರನಾಡ ಕನ್ನಡಿಗರ ಮಕ್ಕಳಿಗೆ ಇನ್ನೊಂದು ಸಂಕೋಚವೂ ಉಂಟು. ಅದು ತಮ್ಮ ಕನ್ನಡದ ಬಗೆಗಿನದು. ಶಾಲೆಯಲ್ಲಿ ಮರಾಠಿ, ತಮಿಳು ಅಥವಾ ಹಿಂದಿಯಾಡುವ ಮಗು ರಾಜ್ಯೋತ್ಸವದ ವೇದಿಕೆಯಲ್ಲಿ ‘ಅಜ್ಜಿ ಬಂದನು’ ಎಂದೊಡನೆ ಸಭೆ ನಕ್ಕರೆ, ನಕ್ಕವರು ಮರುಗಳಿಗೆಯಲ್ಲಿ ಮರೆಯುತ್ತಾರೆ, ಮಗು ಮರೆಯುವುದಿಲ್ಲ. ಮರುವರ್ಷ ಅದು ವೇದಿಕೆ ಹತ್ತದು; ಕ್ರಮೇಣ ಮನೆಯಲ್ಲಿಯೂ ಕನ್ನಡ ಆಡದು. ತಿದ್ದುವುದಿದ್ದರೆ ಮನೆಯಲ್ಲಿ ಮೆಲ್ಲನೆ ತಿದ್ದಬೇಕು. ಸಭೆಯಲ್ಲಿ ಸಲ್ಲಬೇಕಾದುದು ಚಪ್ಪಾಳೆ. ಕೇಳುವವರ ಸೌಜನ್ಯವೂ ಈ ಚಿಕಿತ್ಸೆಯ ಒಂದು ಅಂಗ.

ವೈದ್ಯರ ನೆರವು

ಜನರ ಭಯದಿಂದ ಶಾಲೆ, ಉದ್ಯೋಗ, ಮದುವೆಮುಂಜಿಗಳನ್ನೇ ತಪ್ಪಿಸಿಕೊಳ್ಳುವ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ಅದು ಕೇವಲ ನಾಚಿಕೆಯಾಗಿರಲಾರದು. ‘ಸಾಮಾಜಿಕ ಆತಂಕ’ವೆಂಬ ಕಾಯಿಲೆಯಾಗಿರಬಹುದು. ಅದಕ್ಕೆ ಮಾತಿನ ಚಿಕಿತ್ಸೆಯೂ ಔಷಧಗಳೂ ಇವೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಮನೋವೈದ್ಯರನ್ನು ಕಾಣುವುದಕ್ಕೆ ನಾಚಬೇಕಾಗಿಲ್ಲ.

ಉಳಿದವರಿಗೆ ಔಷಧ ಮನೆಯಲ್ಲಿಯೇ ಇದೆ. ಎದೆಬಡಿತ ಪೂರ್ತಿ ನಿಲ್ಲಲೆಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ. ಬಡಿಯುವ ಎದೆಯೊಡನೆಯೇ ಹಾಡಿದವರಿಗೆ ಎರಡನೆಯ ಚರಣದ ಹೊತ್ತಿಗೆ ಹಾಡಷ್ಟೇ ನೆನಪಿನಲ್ಲಿರುತ್ತದೆ.