ಪಿಎಚ್ ಬೆನ್ನು ಹತ್ತಬೇಡ, ಮೀನನ್ನು ನೋಡು

ಗಿಡದ ಅಕ್ವೇರಿಯಂಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್ ತಂದಿದ್ದೀಯೆಂದು ನಿಮ್ಮಮ್ಮ ಹೇಳಿದಳು. ಸಂತೋಷವಾಯಿತು ಕಣಪ್ಪ. ಆದರೆ ಅದರ ತಿರುಪು ಮುಟ್ಟುವ ಮೊದಲು ನಿಮ್ಮ ಮನೆ ನೀರಿನ ಕೆಎಚ್ ಎಷ್ಟಿದೆ ನೋಡಿಕೊ. ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿನ ಲೆಕ್ಕ ಅದು. ಹನಿ ಹಾಕಿ ಬಣ್ಣ ನೋಡುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಒಂದೇ ಮನೆಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಬೋರ್‌ವೆಲ್. ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುವ ನೀರಾದರೆ ಕೆಎಚ್ ಬಹುಮಟ್ಟಿಗೆ ಜಾಸ್ತಿಯೇ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಹೊಸಬರು ಪಿಎಚ್ ಒಂದನ್ನೇ ಹಿಡಿದುಕೊಂಡು ಕೂರುತ್ತಾರೆ. ಯಾರೋ 6.6 ಇರಬೇಕು ಎಂದರೆ ಅಲ್ಲಿಗೆ ಇಳಿಯುವ ತನಕ ಗುಳ್ಳೆ ಬಿಡುತ್ತಾರೆ. ಕೆಎಚ್ 4 ಇರುವ ನೀರು ಗ್ಯಾಸಿನಿಂದ 6.6ಕ್ಕೆ ಇಳಿದಾಗ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 30 ಪಿಪಿಎಂ. ಗಿಡಕ್ಕೆ ಧಾರಾಳವಾಯಿತು, ಹೆಚ್ಚಿನ ಮೀನುಗಳೂ ತಡೆದುಕೊಳ್ಳುತ್ತವೆ. ಕೆಎಚ್ 12 ಇರುವ ಬೋರ್ ನೀರನ್ನು ಅದೇ 6.6ಕ್ಕೆ ಇಳಿಸಿದೆಯೋ, 90 ಪಿಪಿಎಂ! ಮೀಟರಿನಲ್ಲಿ ಎರಡೂ ಒಂದೇ ಅಂಕಿ. ಮೀನು ಒದ್ದಾಡುವುದು ಪಿಎಚ್ ಇಳಿದದ್ದಕ್ಕಲ್ಲ. ನೀರಿನಲ್ಲೇ ಗ್ಯಾಸ್ ತುಂಬಿರುವಾಗ ತನ್ನ ಮೈಯೊಳಗಿನದನ್ನು ಕಿವಿರಿನಿಂದ ಹೊರಹಾಕಲಾಗದೆ. ತೊಟ್ಟಿಯಲ್ಲಿ ಮರದ ಬೊಡ್ಡೆ ಇಟ್ಟಿದ್ದರೆ ಅದು ಬಿಡುವ ಆಮ್ಲವೂ ಪಿಎಚ್ ಇಳಿಸುತ್ತದೆ, ಆಗ ಈ ಲೆಕ್ಕವೂ ಕೈಕೊಡುತ್ತದೆ.

ಅದಕ್ಕೇ ಒಳಗಿನ ಗಾಜಿಗೆ, ಗ್ಯಾಸ್ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಒಂದು ಡ್ರಾಪ್ ಚೆಕರ್ ಅಂಟಿಸು. ಅದರೊಳಗೆ ತೊಟ್ಟಿಯ ನೀರು ಹಾಕಬೇಡ, ಕೆಎಚ್ 4ಕ್ಕೆ ಅಳೆದು ಮಾಡಿದ ದ್ರಾವಣವನ್ನೇ ಹಾಕು. ನೀಲಿಯಾದರೆ ಗ್ಯಾಸ್ ಸಾಲದು, ಹಸಿರಾದರೆ ಸರಿ, ಹಳದಿಯಾದರೆ ಅತಿ. ಆದರೆ ಅದು ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿಯನ್ನು. ಆದ್ದರಿಂದ ರಜೆಯ ದಿನವೇ ಶುರು ಮಾಡು, ಎದುರಿಗೆ ಕೂತು ಮೀನು ನೋಡು. ಎಲ್ಲವೂ ಮೇಲೆ ಬಂದು ಬಾಯಿ ಆಡಿಸತೊಡಗಿದರೆ ಬಣ್ಣ ಹಸಿರಿದ್ದರೂ ನಂಬಬೇಡ. ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕು, ಮೇಲಿನ ನೀರು ಚೆನ್ನಾಗಿ ಕದಡಲಿ.

ದೀಪ ಹತ್ತುವ ಒಂದೆರಡು ಗಂಟೆ ಮೊದಲು ಗ್ಯಾಸ್ ಬರಲಿ, ಆರುವ ಒಂದು ಗಂಟೆ ಮೊದಲು ನಿಲ್ಲಲಿ. ಕತ್ತಲಲ್ಲಿ ಗಿಡಗಳು ಗ್ಯಾಸ್ ತಿನ್ನುವುದಿಲ್ಲ, ತಾವೇ ಬಿಡುತ್ತವೆ. ಸಿಲಿಂಡರಿನ ಬದಲು ಗ್ಯಾಸಿಗೆ ಬಳಸುವ ಸಕ್ಕರೆ–ಯೀಸ್ಟ್ ಬಾಟಲಿ ನನಗೆ ಒಗ್ಗದಿರುವುದು ಇದಕ್ಕೇ: ರಾತ್ರಿ ನಿಲ್ಲಿಸಲಾಗದು, ಸೆಕೆ ಏರಿದರೆ ಗುಳ್ಳೆಯೂ ಏರುತ್ತದೆ. ಗ್ಯಾಸ್ ಹೀಗೆ ಏರಿಳಿಯುತ್ತಿದ್ದರೆ ಎಲೆಯಂಚಿಗೆ ಗಡ್ಡದಂಥ ಕಪ್ಪು ಪಾಚಿ ಹತ್ತುತ್ತದೆ. ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ಬೋರ್ ನೀರೇ ಗತಿಯಾದರೆ ಆರ್‌ಒ ನೀರು ಬೆರೆಸಿ ಕೆಎಚ್ 4–5ಕ್ಕೆ ತಂದುಕೊ. ಪಿಎಚ್ ಇಳಿಸುವ ಬಾಟಲಿಗೆ ದುಡ್ಡು ಸುರಿಯಬೇಡ. ಬರಿಯ ಆರ್‌ಒ ನೀರೂ ಬೇಡ, ಅದರಲ್ಲಿ ಪಿಎಚ್ ನಿಲ್ಲುವುದೇ ಇಲ್ಲ. ಕೆಎಚ್ ತೀರಾ ಕಡಿಮೆಯಾದರೆ ಅಡುಗೆ ಸೋಡಾ ಸಾಕು: 100 ಲೀಟರಿಗೆ 3 ಗ್ರಾಂ ಹಾಕಿದರೆ ಸುಮಾರು ಒಂದು ಡಿಗ್ರಿ ಏರುತ್ತದೆ. ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಹೊಯ್ಯಿ, ಮರುದಿನ ಅಳೆದು ನೋಡಿ ಆಮೇಲೆ ಬೇಕಾದರೆ ಇನ್ನಷ್ಟು ಹಾಕು.