ಹಾಲಿನ ಬಟವಾಡೆಯೂ ಲಾ ಸ್ಕೂಲಿನ ಶುಲ್ಕವೂ

ನಮ್ಮ ಕಡೆ ಮನೆಗೆ ದುಡ್ಡು ಬರುವುದು ಹದಿನೈದು ದಿನಕ್ಕೊಮ್ಮೆ. ಡೇರಿಯಲ್ಲಿ ಬಟವಾಡೆ ಆದ ದಿನ ಅಂಗಡಿ ಬಾಕಿ ತೀರುತ್ತದೆ, ಬೂಸಾ ಮೂಟೆ ಬರುತ್ತದೆ, ಸಂಘದ ಕಂತು ಹೋಗುತ್ತದೆ. ಟೊಮೆಟೊ ದುಡ್ಡನ್ನು ನಂಬುವಂತಿಲ್ಲ, ಬಂದರೆ ಬಂತು. ಶ್ರೀನಿವಾಸಪುರದ ಕಡೆಯವರಾದರೆ ಮಾವಿನ ಫಸಲಿಗೆ ಕಾಯಬೇಕು. ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ದುಡ್ಡು ಕೇಳುವ ಕಾಲಕ್ಕೂ ಈ ಕಾಲಕ್ಕೂ ಹೊಂದಿಕೆಯೇ ಇಲ್ಲ. ಅರ್ಜಿ ಮಳೆಗಾಲದಲ್ಲಿ, ಕೌನ್ಸೆಲಿಂಗ್ ಡಿಸೆಂಬರಿನಲ್ಲಿ, ಮೊದಲ ವರ್ಷದ ಶುಲ್ಕ ಬೇಸಿಗೆ ಮುಗಿಯುವ ಹೊತ್ತಿಗೆ. ಮಗುವನ್ನು ಲಾ ಸ್ಕೂಲಿಗೆ ಕಳಿಸಬೇಕೆಂದಿರುವ ರೈತರ ಮನೆಯಲ್ಲಿ ಎಷ್ಟು ಖರ್ಚು ಎಂಬುದಕ್ಕಿಂತ ಯಾವ ತಿಂಗಳು ಖರ್ಚು ಎಂಬುದೇ ಹೆಚ್ಚು ಕಾಡುತ್ತದೆ. ಇದನ್ನು ನಾನು ನಮ್ಮಕ್ಕನ ಮನೆಯಲ್ಲಿ ಕಂಡೆ.

ಅಕ್ಕನನ್ನು ಕೊಟ್ಟಿರುವುದು ದೇವರಾಯಸಮುದ್ರಕ್ಕೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಭಾವನಿಗೆ ಸ್ವಲ್ಪ ಜಮೀನು, ಮನೆಯಲ್ಲಿ ಕರೆಯುವ ಹಸುಗಳು. ಮಗಳು 2023ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಳಬಾಗಿಲಿನಲ್ಲಿ ಪಿಯುಸಿಗೆ ಸೇರಿದಳು. ಸೇರಿದ ತಿಂಗಳಲ್ಲೇ ನನಗೆ ಫೋನ್ ಮಾಡಿ, "ಮಾಮ, ನಾನು ಲಾ ಓದ್ತೀನಿ. ಎಂಟ್ರೆನ್ಸ್ ಬರೀಬೇಕಂತೆ, ಅಪ್ಪಂಗೆ ನೀನೇ ಹೇಳು" ಎಂದಳು.

ಆ ಜುಲೈ ಕೋಲಾರದವರು ಯಾರೂ ಮರೆಯುವಂಥದ್ದಲ್ಲ. ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಭಾವನ ತೋಟದಲ್ಲೂ ಕಾಯಿ ಇತ್ತು. ಕೈಯಲ್ಲಿ ದುಡ್ಡಿದ್ದ ಧೈರ್ಯಕ್ಕೆ, "ಬೆಂಗಳೂರಿಗೆ ಹೋಗಿ ಕೋಚಿಂಗ್‌ಗೆ ಸೇರಿಸಿಬಿಡೋಣ ನಡಿಯಪ್ಪಾ" ಎಂದ. ಹೋದೆವು. ಅಲ್ಲಿ ಎರಡು ವರ್ಷದ ತರಬೇತಿಗೆ 1,20,000 ರೂಪಾಯಿ ಹೇಳಿದರು. ಇವತ್ತೇ ಪೂರ್ತಿ ಕಟ್ಟಿದರೆ 20,000 ಬಿಡುತ್ತೇವೆ ಎಂದರು. ಪಿಜಿ ಖರ್ಚು ಬೇರೆ. ಅರ್ಜಿ ಫಾರಂ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಯಾವ ಕಾರಣಕ್ಕೂ ಶುಲ್ಕ ವಾಪಸು ಇಲ್ಲ, ಅರ್ಧಕ್ಕೆ ಬಿಟ್ಟರೂ ಬಾಕಿ ಕಂತು ಕಟ್ಟಬೇಕು ಎಂದಿತ್ತು. ಹದಿನಾರು ವರ್ಷದ ಹುಡುಗಿಗೆ ಲಾ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಟೊಮೆಟೊ ದುಡ್ಡು ಅಷ್ಟೂ ಅಲ್ಲಿ ಕೂತುಬಿಡುತ್ತಿತ್ತು. ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದು ಬಂದೆವು.

ಪರೀಕ್ಷೆ ಕೇಳುವುದೇನು ಎಂದು ತಿಳಿಯದೆ ಅದಕ್ಕೆ ದುಡ್ಡು ಹಾಕಬಾರದು. ಕ್ಲ್ಯಾಟ್‌ನಲ್ಲಿ ಈಗ ಎರಡು ಗಂಟೆಗೆ 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ. ಗಣಿತ ಎಸ್ಸೆಸ್ಸೆಲ್ಸಿ ಮಟ್ಟದ್ದು. ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ, ನಿಯಮವನ್ನು ಪ್ಯಾಸೇಜಿನಲ್ಲೇ ಕೊಟ್ಟಿರುತ್ತಾರೆ, ಅದನ್ನು ಒಂದು ಸಂದರ್ಭಕ್ಕೆ ಹೊಂದಿಸಬೇಕು ಅಷ್ಟೆ. ಒಟ್ಟಿನಲ್ಲಿ ಅದು ಓದುವ ಪರೀಕ್ಷೆ. ಒಂದೊಂದು ಪ್ಯಾಸೇಜು 450 ಪದದ ಆಸುಪಾಸು, ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇಲ್ಲೇ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ವಾದ ನಡೆಯುವುದು ಕನ್ನಡದಲ್ಲಿ. ಪ್ರಾದೇಶಿಕ ಭಾಷೆಗಳಲ್ಲೂ ಕ್ಲ್ಯಾಟ್ ನಡೆಸಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿಯೂ ಹೋಗಿತ್ತು. ಅದಾಗುವ ತನಕ ಕಾಯಲು ನಮ್ಮ ಹುಡುಗಿಗೆ ಸಮಯವಿರಲಿಲ್ಲ.

ಹಾಗಾಗಿ ಓದಿಗೆ ಖರ್ಚು ಮಾಡಿದೆವು. ದಿನಾ ಒಂದು ಇಂಗ್ಲಿಷ್ ಪತ್ರಿಕೆ. ಅದರ ಸಂಪಾದಕೀಯ ಓದಿ, ಬರೆದವರು ಏನು ಹೇಳುತ್ತಿದ್ದಾರೆ ಎಂದು ನಾಲ್ಕು ಸಾಲು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮುಳಬಾಗಿಲಿನ ಇಂಗ್ಲಿಷ್ ಮೇಷ್ಟ್ರೊಬ್ಬರು ಭಾನುವಾರ ಆ ನೋಟ್‌ಬುಕ್ ತಿದ್ದುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಪತ್ರಿಕೆಗಳನ್ನು ಪರೀಕ್ಷೆ ನಡೆಸುವ ಒಕ್ಕೂಟವೇ ಪುಕ್ಕಟೆ ಕೊಡುತ್ತದೆ. ಎರಡನೇ ವರ್ಷ ಮಾತ್ರ ಆನ್‌ಲೈನ್ ಮಾಕ್ ಟೆಸ್ಟಿಗೆ ಕೆಲವು ಸಾವಿರ ಹಾಕಿದೆವು. ಅದು ಬೇಕೇ ಬೇಕು, ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ ಬೇರೆ ದಾರಿಯಲ್ಲಿ ಬರುವುದಿಲ್ಲ. ಕೋಚಿಂಗ್ ಬೇಡವೇ ಬೇಡ ಎನ್ನುವವನಲ್ಲ ನಾನು. ದುಡ್ಡಿಲ್ಲದ, ಅವಕಾಶ ಸಿಗದ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಇಡಿಯಾ ಎಂಬ ಸಂಸ್ಥೆ ಇದೆ, ಪ್ರೊಫೆಸರ್ ಶಾಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ್ದು. ಅಂಥದ್ದು ಸಿಕ್ಕರೆ ಬಿಡಬಾರದು.

ಟೊಮೆಟೊ ದುಡ್ಡಿನಲ್ಲಿ ಒಂದು ಲಕ್ಷ ಮೊದಲ ವರ್ಷದ ಶುಲ್ಕಕ್ಕೆಂದು ಎಫ್‌ಡಿ ಆಯಿತು. ಕೌನ್ಸೆಲಿಂಗ್ ಖರ್ಚಿಗೆ ಅಕ್ಕ ಬ್ಯಾಂಕಿನಲ್ಲಿ ಆರ್‌ಡಿ ಮಾಡಿದಳು. ಪೋಸ್ಟಾಫೀಸಿನ ಆರ್‌ಡಿ ಐದು ವರ್ಷದ್ದು, ನಮಗೆ ಒಗ್ಗುವುದಿಲ್ಲ. ಬ್ಯಾಂಕಿನಲ್ಲಾದರೆ ತಿಂಗಳು ನಾವೇ ಆರಿಸಬಹುದು. 2023ರ ಸೆಪ್ಟೆಂಬರಿನಿಂದ 15 ತಿಂಗಳು, ತಿಂಗಳಿಗೆ 3,000, ಪರೀಕ್ಷೆಯ ಹೊತ್ತಿಗೆ ಕೈಗೆ ಬರುವ ಹಾಗೆ. ಒಂದೊಂದು ಬಟವಾಡೆಯಿಂದ 1,500. "ಬಟವಾಡೆ ಆದ ದಿನವೇ ಎತ್ತಿಟ್ಟುಬಿಡ್ತೀನಿ ಕಣೋ, ಸಾಯಂಕಾಲಕ್ಕೆ ಅದು ಮನೇಲಿ ನಿಲ್ಲಲ್ಲ" ಎಂದಿದ್ದಳು. ಹಾಗೇ ನಡೆಸಿದಳು. ಕೊನೆಗೆ 45,000 ಅಸಲು, ಅದರ ಮೇಲೆ ಬಡ್ಡಿ.

ಲೆಕ್ಕ ಕೂಡಿಬಂದದ್ದು ಹೀಗೆ. ಕ್ಲ್ಯಾಟ್ ಅರ್ಜಿಗೆ ಸಾಮಾನ್ಯ ವರ್ಗದವರಿಗೆ 4,000, ಪರಿಶಿಷ್ಟರಿಗೆ ಮತ್ತು ಬಿಪಿಎಲ್‌ನವರಿಗೆ 3,500. ದುಬಾರಿಯೇ. ಆದರೂ 2008ಕ್ಕೆ ಮೊದಲು ಒಂದೊಂದು ಲಾ ಸ್ಕೂಲಿಗೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಊರಿಗೆ ರೈಲು ಟಿಕೆಟ್ಟು ಇತ್ತು. ಆ ವರ್ಷ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ಮಾಡಿದ್ದು ನಮ್ಮಂಥವರಿಗೆ ಉಪಕಾರವೇ ಆಯಿತು. ಆದರೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಇಂದಿಗೂ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಶುಲ್ಕ.

ಅರ್ಜಿ ಹಾಕುವಾಗಲೇ ಒಂದು ಕಾಗದದ ಕೆಲಸ ಮಾಡಿಕೊಳ್ಳಬೇಕು. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರ ಮೀಸಲಾತಿ ಇದೆ. ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ದೇವರಾಯಸಮುದ್ರದಲ್ಲೇ ಒಂದನೇ ತರಗತಿಗೆ ಸೇರಿದ ಮಗುವಿಗೆ ಇದು ಸಹಜವಾಗಿ ಸಲ್ಲುತ್ತದೆ, ಆದರೆ ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿರಬೇಕು. ಪ್ರೈಮರಿ ಒಂದು ಕಡೆ, ಹೈಸ್ಕೂಲು ಒಂದು ಕಡೆ ಓದಿದವರು ಎರಡೂ ಕಡೆ ಓಡಾಡಬೇಕಾಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಇವನ್ನೆಲ್ಲ ಮೊದಲೇ ಮಾಡಿಟ್ಟುಕೊಂಡರೆ ಕಡೇ ಗಳಿಗೆಯಲ್ಲಿ ಏಜೆಂಟರ ಕೈಗೆ ದುಡ್ಡು ಸುರಿಯುವುದು ತಪ್ಪುತ್ತದೆ.

2024ರ ಡಿಸೆಂಬರ್ 1ರಂದು ಪರೀಕ್ಷೆ ಆಯಿತು. ವಾರದೊಳಗೆ ಫಲಿತಾಂಶ. ಹುಡುಗಿಗೆ ಕೌನ್ಸೆಲಿಂಗ್ ಕರೆ ಬಂತು. ಮನೆಯವರೆಲ್ಲ ಖುಷಿಯಾಗಿದ್ದಾಗಲೇ ನೋಂದಣಿ ಶುಲ್ಕ ಕಟ್ಟಬೇಕಾಯಿತು. ಸಾಮಾನ್ಯ ವರ್ಗಕ್ಕೆ 30,000, ಮೀಸಲಾತಿ ಇರುವವರಿಗೆ 20,000. ನಮ್ಮದು 30,000. ಕೈಯಲ್ಲಿ ಇದ್ದದ್ದು ಕೆಲವೇ ದಿನ. ಇನ್ನೂ ಸೀಟೇ ಸಿಕ್ಕಿರದಿದ್ದರಿಂದ ಬ್ಯಾಂಕು ಶಿಕ್ಷಣ ಸಾಲ ಕೊಡುವ ಪ್ರಶ್ನೆಯೇ ಇಲ್ಲ. ಆರ್‌ಡಿ ಇಲ್ಲದಿದ್ದರೆ ಭಾವ ಬಡ್ಡಿ ವ್ಯಾಪಾರಿಯ ಹತ್ತಿರ ಹೋಗುತ್ತಿದ್ದ, ಇಲ್ಲವೇ ಅಕ್ಕನ ಓಲೆ ಅಡಕ್ಕೆ ಹೋಗುತ್ತಿತ್ತು.

ಆಮೇಲೆ ಶುರುವಾಯಿತು ಕಾಯುವುದು. ಕೀ ಉತ್ತರಗಳಲ್ಲಿ ತಪ್ಪಿದೆ ಎಂದು ಕೇಸು ಬಿತ್ತು. ಡಿಸೆಂಬರ್ 20ಕ್ಕೆ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠದ ತೀರ್ಪು, ಫೆಬ್ರುವರಿಯಲ್ಲಿ ಬೇರೆ ಬೇರೆ ಹೈಕೋರ್ಟುಗಳ ಕೇಸುಗಳೆಲ್ಲ ದೆಹಲಿಗೆ ವರ್ಗ, ಏಪ್ರಿಲ್‌ನಲ್ಲಿ ಅಲ್ಲಿನ ವಿಭಾಗೀಯ ಪೀಠದ ತೀರ್ಪು, 2025ರ ಮೇ 7ಕ್ಕೆ ಸುಪ್ರೀಂ ಕೋರ್ಟು. ಪರಿಷ್ಕೃತ ಫಲಿತಾಂಶ ಬಂದು ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಮೇ ಕೊನೆ. ತಪ್ಪು ಪ್ರಶ್ನೆಗೆ ನ್ಯಾಯ ಕೇಳಿದ್ದು ಸರಿಯೇ. ಆದರೆ ಸಾವಿರಾರು ಮನೆಗಳ ದುಡ್ಡು, ಮಕ್ಕಳ ನಿದ್ದೆ ಎರಡೂ ಅಷ್ಟು ತಿಂಗಳು ಸಿಕ್ಕಿಹಾಕಿಕೊಂಡವು. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಿಸಿಕೊಳ್ಳಲು ಒಕ್ಕೂಟಕ್ಕೆ ಏನು ಅಡ್ಡಿ? ದಿನಗೂಲಿಯವರ ಮಕ್ಕಳೂ ಈ ಪರೀಕ್ಷೆ ಬರೆಯುತ್ತಾರೆ.

ಸಿಕ್ಕಿದ್ದು ಹೊರರಾಜ್ಯದ ಕಾನೂನು ವಿಶ್ವವಿದ್ಯಾಲಯ. ಹಾಸ್ಟೆಲ್ಲೂ ಸೇರಿ ವರ್ಷಕ್ಕೆ ಮೂರು ಲಕ್ಷದ ಲೆಕ್ಕ, ಐದು ವರ್ಷಕ್ಕೆ ಹದಿನೈದು. ಆ ರಾತ್ರಿ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಹುಡುಗಿಯ ಎದುರೇ ಲೆಕ್ಕ ಬರೆದೆ. ಪೂರ್ತಿ 15 ಲಕ್ಷ ಸಾಲವಾದರೆ ಶೇ 9ರ ಬಡ್ಡಿಗೆ, ಹತ್ತು ವರ್ಷದ ಅವಧಿಗೆ, ತಿಂಗಳ ಕಂತು ಸುಮಾರು 19,000. ಮುಳಬಾಗಿಲು ಕೋರ್ಟಿನಲ್ಲಿ ಸೀನಿಯರ್ ಹತ್ತಿರ ಸೇರುವ ಹೊಸ ವಕೀಲರಿಗೆ ಮೊದಲ ವರ್ಷಗಳಲ್ಲಿ ಅಷ್ಟು ಕೈಗೆ ಬರುವುದಿಲ್ಲ. ಈ ಕಂತು ಹೊತ್ತವರು ಮೊದಲು ಕಂಪನಿಗೋ ದೊಡ್ಡ ಲಾ ಫರ್ಮಿಗೋ ಹೋಗಲೇಬೇಕು. ಮಗು ಮುಂದೆ ಯಾವ ಕೋರ್ಟಿನಲ್ಲಿ ನಿಲ್ಲಬಹುದು ಎಂಬುದನ್ನು ಸಾಲದ ಮೊತ್ತ ಈಗಲೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಕೋಚಿಂಗ್‌ನವರು ಇದನ್ನು ಹೇಳುವುದಿಲ್ಲ. ಮನೆಯವರೇ ಹೇಳಬೇಕು, ಅದೂ ಸೇರುವ ಮೊದಲು. ನಮ್ಮ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಬೇರೆ ಕಡೆ ದುಡಿದು ತೀರಿಸ್ತೀನಿ ಮಾಮ, ಆಮೇಲೆ ಕೋಲಾರಕ್ಕೆ ಬರ್ತೀನಿ. ಪೋಡಿ ಕೇಸುಗಳಿಗೆ ಇಲ್ಲಿ ಜನ ಎಷ್ಟು ಅಲೀತಾರೆ ನಂಗೊತ್ತು" ಎಂದಳು. ಭಾವ ಒಪ್ಪಿದ.

ಎಫ್‌ಡಿ ಮುರಿದದ್ದರಿಂದ ಸಾಲ ಅಷ್ಟು ಕಡಿಮೆಯಾಯಿತು. ಉಳಿದದ್ದಕ್ಕೆ ಪಿಎಂ ವಿದ್ಯಾಲಕ್ಷ್ಮಿ. 2024ರ ನವೆಂಬರಿನಲ್ಲಿ ಬಂದ ಈ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಆಯ್ಕೆಯಾದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನ. ನಿಮ್ಮ ಮಗುವಿನ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಸೀಟು ಆರಿಸುವಾಗಲೇ ನೋಡಿಕೊಳ್ಳಿ. ಓದುವಾಗ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಕೊನೆಗೆ ಅಸಲಿಗೆ ಸೇರುತ್ತದೆ. ಹಾಗಾಗಿ ಆರ್‌ಡಿಗೆ ಹೋಗುತ್ತಿದ್ದ ಆ 3,000ವನ್ನು ಅಕ್ಕ ಈಗ ಬಡ್ಡಿಗೆ ಕಟ್ಟುತ್ತಾಳೆ. ಓದುವಾಗಲೇ ಬಡ್ಡಿ ಕಟ್ಟಿದರೆ ದರದಲ್ಲಿ ಶೇ 1 ಕಡಿಮೆ ಮಾಡುವ ಬ್ಯಾಂಕುಗಳಿವೆ, ಮ್ಯಾನೇಜರನ್ನು ಕೇಳಿ ಬರೆಸಿಕೊಳ್ಳಿ. ವರ್ಷ ಕಳೆದಂತೆ ಸಾಲ ಏರಿ ಬಡ್ಡಿಯೂ ಏರುತ್ತದೆ. ಮೂರನೇ ವರ್ಷಕ್ಕೆ ಈ 3,000 ಸಾಲುವುದಿಲ್ಲ. ಅದು ಅಕ್ಕನಿಗೆ ಗೊತ್ತು, ಇನ್ನೊಂದು ಕರು ಬೆಳೆಯುತ್ತಿದೆ.

ಇವಳ ಜೊತೆಗೇ ಓದಿದ ಅದೇ ಊರಿನ ಇನ್ನೊಬ್ಬ ಹುಡುಗಿಯೂ ಕ್ಲ್ಯಾಟ್ ಬರೆದಿದ್ದಳು, ರ‍್ಯಾಂಕು ಸಾಲಲಿಲ್ಲ. ಅವಳ ಅಪ್ಪ ನನ್ನ ಹತ್ತಿರ ಬಂದು, "ಇನ್ನೊಂದು ವರ್ಷ ಕೋಚಿಂಗ್‌ಗೆ ಹಾಕಲಾ ಸಾರ್?" ಎಂದು ಕೇಳಿದರು. ಬೇಡ ಎಂದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಕ್ಲ್ಯಾಟ್ ಬೇಕಿಲ್ಲ, ಪಿಯುಸಿ ಅಂಕ ಸಾಕು. ಕೋಲಾರದಲ್ಲಿ ಬಸವಶ್ರೀ ಕಾನೂನು ಕಾಲೇಜು, ಕೆಜಿಎಫ್‌ನಲ್ಲಿ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜು ಇವೆ. ಅಲ್ಲಿನ ಶುಲ್ಕ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಶುಲ್ಕದ ಒಂದು ಸಣ್ಣ ಪಾಲು. ಓದಿ ಹೊರಬಂದ ಮೇಲೆ ಹಾಕುವುದು ಅದೇ ಕರಿ ಕೋಟು, ಬರೆಯುವುದು ಅದೇ ಬಾರ್ ಪರೀಕ್ಷೆ. ಅವಳು ಕೋಲಾರಕ್ಕೆ ಸೇರಿದಳು. ಶಕ್ತಿ ಯೋಜನೆ ಇರುವುದರಿಂದ ದೇವರಾಯಸಮುದ್ರದಿಂದ ಬಸ್ಸಿಗೆ ದುಡ್ಡಿಲ್ಲ. ಮಧ್ಯಾಹ್ನ ಬಿಡುವಾದರೆ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಟೀಸವಾಲು ಕೇಳುತ್ತಾಳಂತೆ. ಓದು ಮುಗಿಸಿ ತರಬೇತಿಗೆ ಸೇರುವ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಸರ್ಕಾರದ ಶಿಷ್ಯವೇತನವೂ ಇದೆ, ಅದರ ಅರ್ಜಿಯ ವಿಚಾರ ಈಗಲೇ ಕೇಳಿಟ್ಟುಕೊಂಡಿದ್ದಾಳೆ. ತಲೆ ಮೇಲೆ ಸಾಲವಿಲ್ಲ. ಐದು ವರ್ಷ ಮುಗಿದ ಮಾರನೇ ದಿನವೇ ಮುಳಬಾಗಿಲಿನಲ್ಲಿ ತನಗೆ ಬೇಕಾದ ಸೀನಿಯರ್ ಹತ್ತಿರ ಸೇರಬಹುದು.